ಹಾಳೆಯಲ್ಲಿ ನಿಂತ ನೀರು: ಒಂದೇ ಪಾಠವನ್ನು ಎರಡು ಸಲ ಮಾಡಿದ ಅನುಭವ

ಅಭ್ಯಾಸ ಬೋಧನೆಗೆಂದು ನನಗೆ ಸಿಕ್ಕಿದ್ದು ಕಾರ್ಕಳ ಪೇಟೆಯಿಂದ ಸ್ವಲ್ಪ ಒಳಗಿರುವ ಒಂದು ಪ್ರೌಢಶಾಲೆ. ಎಂಟನೇ ತರಗತಿ, ಸೂಕ್ಷ್ಮಜೀವಿಗಳ ಘಟಕ, ಜುಲೈ ತಿಂಗಳು. ಹೊರಗೆ ಮಳೆ, ಹಾಜರಿ ಪುಸ್ತಕದಲ್ಲಿ ಜ್ವರದ ರಜೆಗಳು. ಮಳೆಗಾಲದ ಕಾಯಿಲೆಗಳನ್ನು ಕಲಿಸಲು ಇದಕ್ಕಿಂತ ತಕ್ಕ ಕಾಲ ಇಲ್ಲವೆಂದು ಉತ್ಸಾಹದಿಂದ ಪಾಠಯೋಜನೆ ಬರೆದೆ. ಬೋಧನೋಪಕರಣವಾಗಿ ಒಂದು ಚಾರ್ಟು: ತೆರೆದ ಚರಂಡಿ, ಕಸದ ರಾಶಿ, ಮೇಲೆ ಹಾರುವ ದೊಡ್ಡ ಸೊಳ್ಳೆ.

ಡೆಂಗ್ಯೂ ತಡೆಯುವುದು ಹೇಗೆಂದು ಕೇಳಿದ್ದೇ ತಡ, ಇಡೀ ತರಗತಿ ಒಕ್ಕೊರಲಿನಿಂದ "ಚರಂಡಿ ಸ್ವಚ್ಛವಾಗಿಡಬೇಕು, ನೀರು ನಿಲ್ಲಲು ಬಿಡಬಾರದು" ಎಂದಿತು. ನಾನು ಕಪ್ಪು ಹಲಗೆಯ ಮೇಲೆ ಬರೆದೆ. ಪಾಠ ಚೆನ್ನಾಗಿ ಸಾಗುತ್ತಿದೆ ಎಂದುಕೊಳ್ಳುವಷ್ಟರಲ್ಲಿ ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದಳು. "ನಮ್ಮಲ್ಲಿ ಚರಂಡಿಯೇ ಇಲ್ಲ ಟೀಚರ್. ಮನೆ ಸುತ್ತ ತೋಟ ಮಾತ್ರ ಇರುವುದು. ಮತ್ತೆ ನಮ್ಮ ಅಪ್ಪನಿಗೆ ಡೆಂಗ್ಯೂ ಹೇಗೆ ಬಂತು?"

ಬೇರೆ ಎಲ್ಲಿಂದಲೋ ಬಂದಿರಬಹುದು ಎಂದುಬಿಟ್ಟೆ. ಅವಳು ಕುಳಿತುಕೊಂಡಳು, ಆದರೆ ಉತ್ತರ ಸಿಕ್ಕಿದ ಮುಖವಾಗಿರಲಿಲ್ಲ. ಪಾಠ ಮುಗಿದ ಮೇಲೆ ಮಾರ್ಗದರ್ಶಕರು ಅವಲೋಕನ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: "ಚಾರ್ಟು ಯಾವ ಊರಿನದು?"

ಅಂದು ರಾತ್ರಿ ಓದಿದಾಗ ನನ್ನ ತಪ್ಪು ಗೊತ್ತಾಯಿತು. ಕೊಳಕು ಚರಂಡಿಯಲ್ಲಿ ಹೆಚ್ಚಾಗಿ ಬೆಳೆಯುವುದು ಕ್ಯೂಲೆಕ್ಸ್ ಸೊಳ್ಳೆ, ಆನೆಕಾಲು ರೋಗ ಹರಡುವಂಥದ್ದು. ಡೆಂಗ್ಯೂ ಹರಡುವ ಈಡಿಸ್‌ಗೆ ಬೇಕಾದದ್ದು ತಿಳಿಯಾಗಿ ನಿಂತ ಸ್ವಲ್ಪ ನೀರು. ಅದು ಕಚ್ಚುವುದೂ ಹಗಲಿನಲ್ಲಿ, ಹೆಚ್ಚಾಗಿ ಬೆಳಗಿನ ಹೊತ್ತು ಮತ್ತು ಸಂಜೆಯ ಮುನ್ನ. ಅದರಲ್ಲೂ ಈಡಿಸ್ ಆಲ್ಬೋಪಿಕ್ಟಸ್ ಎಂಬ ಜಾತಿಗೆ ಮರಗಿಡಗಳ ನೆರಳೇ ಇಷ್ಟ. ಕಂಗಿನ ತೋಟದಲ್ಲಿ ಬಿದ್ದ ಹಾಳೆ ದೋಣಿಯಂತೆ ಬಾಯ್ತೆರೆದು ಮಳೆನೀರು ಹಿಡಿದುಕೊಳ್ಳುತ್ತದೆ. ರಬ್ಬರ್ ಮರಕ್ಕೆ ಕಟ್ಟಿದ ಚಿಪ್ಪುಗಳು ಟ್ಯಾಪಿಂಗ್ ನಿಂತ ಮಳೆಗಾಲದಲ್ಲಿ ಕವುಚಿ ಹಾಕದಿದ್ದರೆ ತುಂಬುತ್ತವೆ. ಹುಡುಗಿಯ ಪ್ರಶ್ನೆಗೆ ಉತ್ತರ ಅವಳ ತೋಟದಲ್ಲೇ ಇತ್ತು. ನನ್ನ ಚಾರ್ಟಿನಲ್ಲಿ ಇರಲಿಲ್ಲ.

ಅದೇ ಪಾಠವನ್ನು ಇನ್ನೊಮ್ಮೆ ಮಾಡಲು ಅನುಮತಿ ಕೇಳಿದೆ. ಈ ಸಲ ಪೀಠಿಕೆಗೆ ಚಾರ್ಟಿಲ್ಲ. ಮಳೆ ಬಿಟ್ಟ ಹತ್ತು ನಿಮಿಷದಲ್ಲಿ ಮಕ್ಕಳೊಂದಿಗೆ ಶಾಲೆಯ ಹಿಂಬದಿಗೆ ಹೋದೆವು. ಅಡುಗೆ ಕೋಣೆಯ ಬಳಿ ಬಿದ್ದಿದ್ದ ಗೆರಟೆಯೊಂದರ ನೀರನ್ನು ಬಿಳಿ ತಟ್ಟೆಗೆ ಸುರಿದಾಗ ಹುಳುಗಳು ಕೊಂಕಿ ಕೊಂಕಿ ಈಜಿದವು. "ಉಮಿಲ್‌ದ ಮರಿ!" ಎಂದು ಒಬ್ಬ ತುಳುವಿನಲ್ಲೇ ಕೂಗಿದ. ಹುಳುಗಳನ್ನು ಗಾಜಿನ ಭರಣಿಗೆ ಹಾಕಿ, ಬಾಯಿಗೆ ತೆಳುಬಟ್ಟೆ ಬಿಗಿಯಾಗಿ ಕಟ್ಟಿ ತರಗತಿಯಲ್ಲಿಟ್ಟೆವು. ಅದು ಮಂಗಳವಾರ. ಶುಕ್ರವಾರ ಕೆಲವು ಹುಳು ಅಲ್ಪವಿರಾಮ ಚಿಹ್ನೆಯಂತೆ ಬಾಗಿದ ಕೋಶಗಳಾಗಿದ್ದವು. ಸೋಮವಾರ ಬಟ್ಟೆಯ ಒಳಬದಿಯಲ್ಲಿ ಸೊಳ್ಳೆಗಳು ಕುಳಿತಿದ್ದವು. ವಾರಕ್ಕೊಮ್ಮೆ ನೀರು ಚೆಲ್ಲಬೇಕು ಎಂಬುದಕ್ಕೆ ಬೇರೆ ವಿವರಣೆ ಬೇಕಾಗಲಿಲ್ಲ. ಬಟ್ಟೆ ಬಿಚ್ಚದೆ ಮೇಲಿಂದಲೇ ಸಾಬೂನು ನೀರು ಸುರಿದು ಎಲ್ಲವನ್ನೂ ಕೊಂದೆವು. ಒಣ ಮಣ್ಣಿಗೆ ಚೆಲ್ಲಿ ಎಂದು ಕರಪತ್ರಗಳು ಹೇಳುತ್ತವೆ. ಜುಲೈಯಲ್ಲಿ ಕಾರ್ಕಳದಲ್ಲಿ ಒಣ ಮಣ್ಣು ಹುಡುಕಿದವರಿಗೆ ಬಹುಮಾನ ಕೊಡಬಹುದು.

ಚೆಲ್ಲಿದರಷ್ಟೇ ಸಾಲದು ಎಂಬುದು ನನಗೂ ಹೊಸ ವಿಷಯ. ಈಡಿಸ್ ಮೊಟ್ಟೆಯಿಡುವುದು ನೀರಿನ ಅಂಚಿನ ಮೇಲ್ಭಾಗದಲ್ಲಿ, ಪಾತ್ರೆಯ ಗೋಡೆಗೆ ಅಂಟಿಸಿ. ಒಣಗಿದರೂ ಅವು ತಿಂಗಳುಗಟ್ಟಲೆ ಉಳಿದು, ಮತ್ತೆ ನೀರು ತಾಗಿದಾಗ ಒಡೆಯುತ್ತವೆ. ಆದ್ದರಿಂದ ಬಕೆಟು, ಡ್ರಮ್ಮುಗಳ ಒಳಬದಿಯನ್ನು ತೆಂಗಿನ ನಾರಿನಿಂದ ತಿಕ್ಕಬೇಕು. ರೊನಾಲ್ಡ್ ರಾಸ್ ಎಂಬ ವೈದ್ಯ 1883ರಲ್ಲಿ ಬೆಂಗಳೂರಿನಲ್ಲಿದ್ದಾಗಲೇ, ನೀರು ಸಿಗದಂತೆ ಮಾಡಿದರೆ ಸೊಳ್ಳೆ ಕಡಿಮೆಯಾಗುವುದನ್ನು ಗಮನಿಸಿದ್ದ. ಮಲೇರಿಯಾದ ಪರಾವಲಂಬಿಯನ್ನು ಸೊಳ್ಳೆಯೊಳಗೆ ಅವನು ಕಂಡದ್ದು 1897ರಲ್ಲಿ. ಕಾರಣ ಪೂರ್ತಿ ತಿಳಿಯುವ ಮೊದಲೇ ಉಪಾಯ ಕಣ್ಣಿಗೆ ಬಿದ್ದಿತ್ತು ಎಂಬ ಮಾತು ಮಕ್ಕಳಿಗೆ ಹಿಡಿಸಿತು.

ಮನೆಗೆಲಸವಾಗಿ, ಮನೆಯ ಸುತ್ತ ನೀರು ನಿಂತ ಜಾಗಗಳನ್ನು ಬರೆದು ತರಲು ಹೇಳಿದೆ. ಅವನ್ನು ಹೆಸರಿನೊಂದಿಗೆ ಗೋಡೆಗೆ ಅಂಟಿಸುವುದು ನನ್ನ ಯೋಜನೆಯಾಗಿತ್ತು. ಶಾಲೆಯ ವಿಜ್ಞಾನ ಶಿಕ್ಷಕಿ ತಡೆದರು. "ಯಾರ ಮನೆಯಲ್ಲಿ ಎಷ್ಟು ಹುಳು ಎಂದು ನಾಳೆ ಊರಿಡೀ ಮಾತಾಗುತ್ತದೆ. ಅಮ್ಮಂದಿರಿಗೆ ಬೇಜಾರಾಗುತ್ತದೆ." ಆರೋಗ್ಯದ ಪಾಠ ಮನೆಯವರನ್ನು ನಾಚಿಸುವ ಪಾಠವಾಗುವುದು ಎಷ್ಟು ಸುಲಭ ಎಂದು ಆಗ ಹೊಳೆಯಿತು. ಹೆಸರಿಲ್ಲದ ಚೀಟಿ ಸಾಕೆಂದೆ. ಫ್ರಿಜ್ಜಿನ ಹಿಂದಿನ ತಟ್ಟೆ, ಸೌದೆಗೆ ಹೊದೆಸಿದ ಟಾರ್ಪಾಲಿನ ಮಡಿಕೆ, ಹಳೆಯ ಟಯರು, ಕೋಳಿಗೆ ನೀರಿಡುವ ಚಟ್ಟಿ: ನನ್ನ ಯೋಜನೆಯಲ್ಲಿ ಇಲ್ಲದ ಜಾಗಗಳೇ ಹೆಚ್ಚು ಬಂದವು.

ಇಲಿಜ್ವರದ ಭಾಗದಲ್ಲಿ ಮತ್ತೆ ಎಡವಿದೆ. ಇಲಿಯ ಮೂತ್ರ ಸೇರಿದ ನೀರಿನಿಂದ, ಕಾಲಿನ ಗಾಯದ ಮೂಲಕ ರೋಗಾಣು ಒಳಗೆ ಹೋಗುತ್ತದೆ, ಆದ್ದರಿಂದ ಗದ್ದೆಯಲ್ಲಿ ಬೂಟು ಹಾಕಬೇಕು ಎಂದೆ. "ನೇಜಿ ನೆಡುವಾಗ ಬೂಟು ಹಾಕಿದರೆ ಕೆಸರಿನಿಂದ ಕಾಲು ಕೀಳಲಿಕ್ಕೇ ಆಗುವುದಿಲ್ಲ ಟೀಚರ್" ಎಂದ ಒಬ್ಬ ಹುಡುಗ. ಅವನ ಅಮ್ಮ ನೇಜಿ ನೆಡಲು ಹೋಗುವವರು. ಹಾಗಾದರೆ ಆಗುವಂಥದ್ದು ಏನೆಂದು ಎಲ್ಲರೂ ಸೇರಿ ಯೋಚಿಸಿದೆವು. ಗಾಯವಿದ್ದರೆ ನೀರು ಹೋಗದಂತೆ ಮುಚ್ಚುವುದು, ಗದ್ದೆಯಿಂದ ಬಂದ ಕೂಡಲೇ ಸಾಬೂನಿನಿಂದ ಕಾಲು ತೊಳೆಯುವುದು. ಜ್ವರ ಬಂದರೆ ಮಾತ್ರೆ ನುಂಗಿ ದಿನ ದೂಡದೆ ಆಸ್ಪತ್ರೆಗೆ ಹೋಗಿ, "ನಾನು ಗದ್ದೆಗೆ ಇಳಿದಿದ್ದೆ" ಎಂದು ಡಾಕ್ಟರರಿಗೆ ತಾವಾಗಿಯೇ ಹೇಳುವುದು. ಬೇಗ ಗೊತ್ತಾದರೆ ಇದಕ್ಕೆ ಔಷಧಿ ಇದೆ. ತಡವಾದರೆ ಮೂತ್ರಪಿಂಡ, ಯಕೃತ್ತಿಗೆ ಪೆಟ್ಟಾಗುತ್ತದೆ. ಆ ಒಂದು ವಾಕ್ಯವನ್ನು ಮನೆಯಲ್ಲಿ ಹೇಳಿಕೊಡುವ ಕೆಲಸವನ್ನು ಹುಡುಗ ವಹಿಸಿಕೊಂಡ.

ಚೀಟಿಗಳಲ್ಲಿ ಒಂದು ಹೀಗಿತ್ತು: "ಬಚ್ಚಲ ಒಲೆಗೆ ಬೇಕೆಂದು ಹಾಳೆ ರಾಶಿ ಹಾಕಿದ್ದೆವು. ಕೆಳಗಿನ ಹಾಳೆಗಳಲ್ಲಿ ಹುಳ ಇತ್ತು. ಅಪ್ಪ ಈಗ ಎಲ್ಲವನ್ನೂ ಕವುಚಿ ಮಾಡಿನ ಅಡಿಗೆ ಇಟ್ಟಿದ್ದಾರೆ." ಹೆಸರಿರಲಿಲ್ಲ, ನಾನು ಕೇಳಲೂ ಇಲ್ಲ.

ಘಟಕ ಪರೀಕ್ಷೆಯಲ್ಲಿ ಡೆಂಗ್ಯೂ ತಡೆಯುವ ಎರಡು ಕ್ರಮ ಕೇಳಿದಾಗ ಅನೇಕರು ಮತ್ತೆ ಚರಂಡಿಯನ್ನೇ ಬರೆದರು. ಅಂಕ ಸಿಗುವ ಉತ್ತರ ಯಾವುದೆಂದು ಅವರಿಗೆ ಗೊತ್ತಿದೆ. ನಾನೇ ತಯಾರಿಸಿದ್ದ ಮಾದರಿ ಉತ್ತರದಲ್ಲೂ ಅದೇ ಇತ್ತು. ಆ ಸಾಲನ್ನು ಹೊಡೆದು, "ಹಾಳೆ, ಗೆರಟೆ, ರಬ್ಬರ್ ಚಿಪ್ಪು ಕವುಚಿಡುವುದು" ಎಂದು ಬರೆದು, ಉತ್ತರ ಪತ್ರಿಕೆಗಳನ್ನು ಮೊದಲಿನಿಂದ ತಿದ್ದಲು ಕುಳಿತೆ.