ಕಲ್ಲಿನಲ್ಲಿ ಉಳಿದ ದುಡಿಮೆ

ಚಿತ್ರದುರ್ಗವೆಂದೊಡನೆ ಕಣ್ಣ ಮುಂದೆ ನಿಲ್ಲುವುದು ಏಳು ಸುತ್ತಿನ ಕೋಟೆ. ನೆನಪಿಗೆ ಬರುವುದು ಮದಕರಿನಾಯಕನ ಪರಾಕ್ರಮ ಮತ್ತು ಒನಕೆ ಓಬವ್ವನ ಸಾಹಸ. ಕೋಟೆಯನ್ನು ನೋಡಲು ಬಂದವರು ಬಾಗಿಲುಗಳನ್ನೂ ಬತೇರಿಗಳನ್ನೂ ಕಂಡು ಬೆರಗಾಗಿ, ಓಬವ್ವನ ಕಿಂಡಿಯ ಬಳಿ ತುಸು ನಿಂತು ಹಿಂದಿರುಗುತ್ತಾರೆ. ಆದರೆ ಓಬವ್ವ ಹಿಡಿದಿದ್ದುದು ಒನಕೆಯನ್ನು; ಅದು ದಿನವೂ ಧಾನ್ಯ ಕುಟ್ಟುವ ಮನೆಯ ಸಾಧನ. ಯುದ್ಧದ ಕಥೆಯೊಳಗೆ ದುಡಿಮೆಯ ಕಥೆಯೂ ಅಡಗಿದೆಯೆಂಬುದಕ್ಕೆ ಆ ಒನಕೆಯೇ ಸಾಕ್ಷಿ. ಈ ಎರಡನೆಯ ಕಥೆಯನ್ನು ಓದಬಯಸುವವರಿಗೆ ವಾಹನದ ವೇಗ ಸಲ್ಲದು. ಅವರು ಕಾಲ್ನಡಿಗೆಯಲ್ಲಿ ಸಾಗಬೇಕು, ಅಲ್ಲಲ್ಲಿ ನಿಲ್ಲಬೇಕು, ಬಾಗಿ ನೋಡಬೇಕು.

ಹಾಗೆ ನಡೆಯುವವರಿಗೆ ಕೋಟೆಯ ಬಂಡೆಗಳ ಮೇಲೆ ಸಾಲುಸಾಲಾಗಿ ತೋಡಿದ ಸಣ್ಣ ಗುಳಿಗಳು ಕಾಣುತ್ತವೆ. ಅವು ಕಲ್ಲುಕುಟಿಗರ ಕೈಗುರುತುಗಳು. ಉಳಿಯಿಂದ ಗುಳಿ ತೋಡಿ, ಅದರಲ್ಲಿ ಬೆಣೆ ಬಡಿದು, ಹೆಬ್ಬಂಡೆಯನ್ನು ಅವರು ನೇರವಾಗಿ ಸೀಳುತ್ತಿದ್ದರು. ಮುಂದೆ ಸಾಗಿದರೆ, ನೆಲಮಟ್ಟಕ್ಕಿಂತ ಕೆಳಗೆ ಕಟ್ಟಿದ ಗುಂಡಿಯೊಂದರಲ್ಲಿ ನಾಲ್ಕು ಭಾರಿ ಬೀಸುಕಲ್ಲುಗಳಿವೆ. ಅವು ಮದ್ದು ಅರೆಯುವ ಕಲ್ಲುಗಳು. ಪೆಟ್ಲುಪ್ಪು, ಗಂಧಕ, ಇದ್ದಲುಗಳನ್ನು ಬೆರೆಸಿದ ಮದ್ದಿಗೆ ಒಂದು ಕಿಡಿ ತಗುಲಿದರೂ ಸಾಕು, ಅಲ್ಲಿದ್ದವರ ಪ್ರಾಣಕ್ಕೆ ಅಪಾಯ. ಬತೇರಿಯ ಮೇಲಿನ ಯೋಧನಂತೆಯೇ ಇಲ್ಲಿನ ಕೆಲಸಗಾರನೂ ಮೃತ್ಯುವಿನ ಸಮೀಪದಲ್ಲಿಯೇ ಬದುಕುತ್ತಿದ್ದನು.

ಬೆಟ್ಟದ ಮೇಲೆ ಟಂಕಸಾಲೆಯ ಮಣ್ಣಿನ ಗೋಡೆಗಳು ಛಾವಣಿಯಿಲ್ಲದೆ ನಿಂತಿವೆ. ಧಾನ್ಯದ ಕಣಜಗಳೂ ಎಣ್ಣೆಯ ಕೊಳಗಳೂ ಬರಿದಾಗಿವೆ. ಹೊಂಡಗಳು ಮಾತ್ರ ಇಂದಿಗೂ ತಮ್ಮ ಕೆಲಸವನ್ನು ಮಾಡುತ್ತಿವೆ. ಮಳೆಯ ನೀರು ಮೇಲಿನ ಹೊಂಡವನ್ನು ತುಂಬಿ, ಹೆಚ್ಚಾದುದು ಕೆಳಗಿನದಕ್ಕೆ ಹರಿಯುವಂತೆ ಮಾಡಿದ ಏರ್ಪಾಡು ಅದು. ಮಳೆ ವಿರಳವಾದ ನಾಡಿನಲ್ಲಿ ಒಂದು ಹನಿಯನ್ನೂ ವ್ಯರ್ಥಗೊಳಿಸಬಾರದೆಂಬ ವಿವೇಕ ಆ ಕಟ್ಟಡಗಾರರಲ್ಲಿತ್ತು. 1779ರಲ್ಲಿ ಕೋಟೆ ಹೈದರಾಲಿಯ ವಶವಾಯಿತು. ಅರಸೊತ್ತಿಗೆ ಅಳಿಯಿತು, ನೀರಿನ ದಾರಿ ಉಳಿಯಿತು.

ಚಿತ್ರದುರ್ಗಕ್ಕೆ ಸಮೀಪದಲ್ಲಿರುವ ಇಂಗಳದಾಳಿನಲ್ಲಿ ಪ್ರಾಚೀನರು ತಾಮ್ರದ ಅದಿರನ್ನು ತೆಗೆದ ಕುರುಹುಗಳಿವೆ. ಇಪ್ಪತ್ತನೆಯ ಶತಮಾನದಲ್ಲಿ ಅಲ್ಲಿ ಯಂತ್ರಗಳ ನೆರವಿನಿಂದ ಗಣಿಗಾರಿಕೆ ಮತ್ತೆ ನಡೆದು, ಕೊನೆಗೆ ನಿಂತಿತು. ಒಂದೇ ನೆಲದಲ್ಲಿ ಎರಡು ಕಾಲದ ದುಡಿಮೆ ಹೀಗೆ ಒಂದರ ಮೇಲೊಂದು ಪದರಗಟ್ಟಿದೆ.

ಹೊಳಲ್ಕೆರೆ ತಾಲ್ಲೂಕಿಗೆ ಬಂದರೆ ಕಲ್ಲಿನ ಯುಗ ಸರಿದು ಕಬ್ಬಿಣದ ಹಳಿಗಳ ಯುಗ ಎದುರಾಗುತ್ತದೆ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ರೈಲುಮಾರ್ಗ ಚಿಕ್ಕಜಾಜೂರಿನಲ್ಲಿ ಕವಲೊಡೆದು, ಹೊಳಲ್ಕೆರೆಯ ಮೂಲಕ ಚಿತ್ರದುರ್ಗವನ್ನು ಸೇರುತ್ತದೆ. ಎತ್ತಿನ ಗಾಡಿಗಳಲ್ಲಿ ದಿನಗಟ್ಟಲೆ ಸಾಗುತ್ತಿದ್ದ ಸರಕು ರೈಲಿನಲ್ಲಿ ಗಂಟೆಗಳಲ್ಲಿ ಸಾಗಲಾರಂಭಿಸಿತು. ಉಗಿಯಂತ್ರಕ್ಕೆ ಆಗಾಗ ನೀರು ಬೇಕಾಗುತ್ತಿದ್ದುದರಿಂದ ಆ ಕಾಲದ ನಿಲ್ದಾಣಗಳಲ್ಲಿ ಎತ್ತರದ ನೀರಿನ ತೊಟ್ಟಿಗಳನ್ನು ನಿಲ್ಲಿಸುತ್ತಿದ್ದರು. ಉಗಿಬಂಡಿ ಮರೆಯಾಯಿತು, ಮೀಟರ್ ಗೇಜಿನ ಸ್ಥಾನದಲ್ಲಿ ಬ್ರಾಡ್ ಗೇಜ್ ಬಂದಿತು. ಕೆಲಸ ಬದಲಾದಂತೆ ಕಟ್ಟಡದ ಅರ್ಥವೂ ಬದಲಾಗುತ್ತದೆ. ತೊಟ್ಟಿಯ ಉಪಯೋಗವನ್ನು ತಿಳಿಯದವನಿಗೆ ಅದು ಬರಿಯ ತುಕ್ಕು ಹಿಡಿದ ಕಬ್ಬಿಣ.

ಹೊಸದುರ್ಗ ತಾಲ್ಲೂಕಿನ ಮತ್ತೋಡು ಒಂದು ಕಾಲಕ್ಕೆ ಗಾಜಿನ ಬಳೆಗಳಿಗೆ ಹೆಸರಾದ ಊರು. 1801ರಲ್ಲಿ ಈ ಪ್ರದೇಶದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ಪ್ರವಾಸಿ ಇಲ್ಲಿನ ಉದ್ಯಮವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಊರ ಕೋಟೆಗೋಡೆಯ ಒಳಮಗ್ಗುಲಿಗೆ ಎತ್ತರದ ಜಗಲಿ ಕಟ್ಟಿ, ಅದರಲ್ಲಿ ಗುಮ್ಮಟದಾಕಾರದ ಕುಲುಮೆಗಳನ್ನು ನಿರ್ಮಿಸಿದ್ದರು. ಸುತ್ತಮುತ್ತ ದೊರೆಯುತ್ತಿದ್ದ ಬೆಣಚುಕಲ್ಲು ಮತ್ತು ಚೌಳುಮಣ್ಣಿನ ಸೋಡಾದಿಂದ ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಎಂಬ ಐದು ಬಣ್ಣಗಳ ಗಾಜು ಸಿದ್ಧವಾಗುತ್ತಿತ್ತು. ಶತ್ರುವನ್ನು ತಡೆಯಲು ಎದ್ದ ಗೋಡೆಯೇ ಹೆಣ್ಣುಮಕ್ಕಳ ಕೈಬಳೆಗೆ ಆಶ್ರಯವಾದುದು ಸೋಜಿಗವಲ್ಲವೆ? ಆ ಕುಲುಮೆಗಳು ಆರಿ ಬಹುಕಾಲವಾಯಿತು. ಬುಕಾನನ್ ಕುಲುಮೆಯ ಬಳಿಗೆ ಹೋಗಿ, ಕೇಳಿ, ಬರೆದುಕೊಳ್ಳದೆ ಇದ್ದಿದ್ದರೆ ಆ ಕುಶಲಿಗಳ ವಿದ್ಯೆಯ ಬಗ್ಗೆ ಇಂದು ಇಷ್ಟು ತಿಳಿಯುತ್ತಿರಲಿಲ್ಲ. ತಲೆಮಾರುಗಳಿಂದ ಬಂದ ಅರಿವು ಒಬ್ಬ ದಾರಿಹೋಕನ ಟಿಪ್ಪಣಿಯ ಬಲದಿಂದ ಉಳಿಯಿತು.

ಹಿರಿಯೂರಿಗೆ ಸಮೀಪದ ಮಾರಿಕಣಿವೆಯಲ್ಲಿ ಪಯಣ ಮುಗಿಯುವುದು ಉಚಿತ. ಎರಡು ಬೆಟ್ಟಗಳ ನಡುವೆ ವೇದಾವತಿ ನದಿಗೆ ಅಡ್ಡಲಾಗಿ 1898ರಲ್ಲಿ ಆರಂಭವಾದ ಅಣೆಕಟ್ಟು 1907ರಲ್ಲಿ ಪೂರ್ಣಗೊಂಡಿತು. ಆಗ ಮೈಸೂರು ರಾಜ್ಯದ ಆಡಳಿತವನ್ನು ನಿರ್ವಹಿಸಿದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರಿನಿಂದ ಅದು ವಾಣಿವಿಲಾಸ ಸಾಗರವೆನಿಸಿತು. ಸುಮಾರು 405 ಮೀಟರ್ ಉದ್ದ, 50 ಮೀಟರ್ ಎತ್ತರದ ಈ ಕಟ್ಟೆಯಲ್ಲಿ ಕಲ್ಲುಗಳನ್ನು ಬೆಸೆದಿರುವುದು ಸುಣ್ಣದ ಗಾರೆ. ಜಲಾಶಯ 1933ರಲ್ಲಿ ತುಂಬಿ ಕೋಡಿ ಬಿದ್ದಿತು. ಆ ಬಳಿಕ ಮತ್ತೆ ಕೋಡಿ ಬಿದ್ದುದು 89 ವರ್ಷಗಳ ತರುವಾಯ, 2022ರಲ್ಲಿ; ಪುನಃ 2025ರಲ್ಲಿ. ಎಂಟು ದಶಕಗಳಿಗೂ ಮಿಗಿಲಾಗಿ ಕಾದಿದ್ದ ಕಟ್ಟೆ, ನೀರು ಬಂದಾಗ ಅದನ್ನು ಹಿಡಿದು ನಿಲ್ಲಿಸಿತು. ಕಲ್ಲು ಹೊತ್ತವರ, ಗಾರೆ ಅರೆದವರ ಹೆಸರುಗಳು ಎಲ್ಲರ ನಾಲಿಗೆಯ ಮೇಲಿಲ್ಲ. ಅವರ ಕೆಲಸ ಮಾತ್ರ ಇಂದಿಗೂ ಹೊಲಗಳಿಗೆ ನೀರುಣಿಸುತ್ತಿದೆ.

ಅರಮನೆ, ದೇವಾಲಯಗಳನ್ನು ಸ್ಮಾರಕವೆಂದು ಗೌರವಿಸುವುದು ವಾಡಿಕೆ. ಹಳೆಯ ಕುಲುಮೆ, ಗಣಿ, ಗೋದಾಮುಗಳನ್ನು ಹಾಳು ಗೋಡೆಗಳೆಂದು ಕಡೆಗಣಿಸುವುದೂ ಅಷ್ಟೇ ವಾಡಿಕೆ. ಅವುಗಳ ಕಲ್ಲು ಹೊಸ ಮನೆಯ ತಳಪಾಯವಾಗುತ್ತದೆ, ಮಣ್ಣು ಮಳೆಯಲ್ಲಿ ಕರಗುತ್ತದೆ. ಅವುಗಳೊಡನೆ, ನಾಡನ್ನು ಕಟ್ಟಿದ ಅಸಂಖ್ಯ ಜನರ ಚರಿತ್ರೆಯೂ ಅಳಿಯುತ್ತದೆ. ಅದನ್ನು ಉಳಿಸಿಕೊಳ್ಳಲು ಮೊದಲು ಬೇಕಾದುದು ಹಣವಲ್ಲ, ನೋಡುವ ಕಣ್ಣು. ತನ್ನ ಊರಿನ ಹಳೆಯ ಕಟ್ಟಡದೆದುರು ನಿಂತು, "ಇಲ್ಲಿ ಯಾರು ದುಡಿದರು? ಏನನ್ನು ಮಾಡಿದರು?" ಎಂದು ಹಿರಿಯರನ್ನು ಕೇಳಿ ಬರೆದಿಡುವ ವಿದ್ಯಾರ್ಥಿಯೂ ಚರಿತ್ರಕಾರನೇ. ಬುಕಾನನ್ ಬಹುದೂರದಿಂದ ಬಂದು ಮತ್ತೋಡಿನ ಕುಲುಮೆಯನ್ನು ಕಂಡನು. ಊರಿನ ಮಕ್ಕಳಿಗೆ ಅಷ್ಟು ದೂರ ಹೋಗಬೇಕಾಗಿಲ್ಲ; ಮನೆಯ ಹೊಸ್ತಿಲು ದಾಟಿ ನಾಲ್ಕು ಹೆಜ್ಜೆ ನಡೆದರೆ ಸಾಕು.