ಮುಕ್ತ ತಂತ್ರಾಂಶಕ್ಕೊಂದು ಪ್ರತಿಷ್ಠಾನ ಏಕೆ?

ಪ್ರಶ್ನೆ: ಪುಣೆಯ ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಇಲ್ಲಿ ‘ಫಾಸ್ ಯುನೈಟೆಡ್’ನವರ ಕೂಟ ನಡೆಯುತ್ತದೆ ಎಂದು ಗೆಳೆಯರು ಹೇಳಿದರು. ಇದನ್ನು ಕಟ್ಟಿದವರು ಯಾರು? ಓಪನ್ ಸೋರ್ಸ್ ತಂತ್ರಾಂಶ ಹೇಗೂ ಎಲ್ಲರಿಗೂ ಸಿಗುತ್ತದಲ್ಲ, ಅದಕ್ಕೆ ಸಂಸ್ಥೆಯ ಅಗತ್ಯವೇನು?
– ಓದುಗರೊಬ್ಬರು, ಪುಣೆ

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಲೈಸೆನ್ಸ್ ಕೋಡನ್ನು ಮುಕ್ತಗೊಳಿಸುತ್ತದೆ, ಅಷ್ಟೇ. ಅದರಲ್ಲಿನ ದೋಷ ತಿದ್ದುವವರು, ಸರ್ವರ್ ಬಾಡಿಗೆ ಕಟ್ಟುವವರು, ಯಾರಾದರೂ ದಾವೆ ಹೂಡಿದರೆ ಎದುರಿಸುವವರು ಬೇಕಲ್ಲ? 1995ರಿಂದ ಅಪಾಚೆ ವೆಬ್ ಸರ್ವರ್ ಬರೆಯುತ್ತಿದ್ದವರು ಬೇರೆ ಬೇರೆ ಊರಿನ ಕೆಲವು ಪ್ರೋಗ್ರಾಮರ್‌ಗಳು. ದೇಣಿಗೆ ಪಡೆಯಲು, ಕಾನೂನಿನ ಹೊಣೆ ಒಬ್ಬೊಬ್ಬರ ತಲೆಗೆ ಬೀಳದಂತೆ ನೋಡಿಕೊಳ್ಳಲು ಅವರು 1999ರಲ್ಲಿ ಪ್ರತಿಷ್ಠಾನ ಕಟ್ಟಿದರು. ಅದಕ್ಕೂ ಮೊದಲು, 1985ರಲ್ಲಿ, ರಿಚರ್ಡ್ ಸ್ಟಾಲ್‌ಮನ್ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಆರಂಭಿಸಿದ್ದರು. ಅದರ ಭಾರತದ ಸೋದರ ಸಂಸ್ಥೆ ತಿರುವನಂತಪುರದಲ್ಲಿ ಶುರುವಾದದ್ದು 2001ರ ಜುಲೈನಲ್ಲಿ.

ಈಗ ಫಾಸ್ ಯುನೈಟೆಡ್. ಇದರ ಬೇರು ಒಂದು ಪೀಠೋಪಕರಣದ ವ್ಯಾಪಾರದಲ್ಲಿದೆ! ಮುಂಬಯಿಯ ರುಶಭ್ ಮೆಹ್ತಾ ಅವರ ಮನೆತನದ ವ್ಯವಹಾರ ಅದು. ದಾಸ್ತಾನು, ಖರೀದಿ, ಲೆಕ್ಕಪತ್ರಗಳನ್ನು ಒಂದೇ ಕಡೆ ನೋಡಿಕೊಳ್ಳುವ ಇಆರ್‌ಪಿ ತಂತ್ರಾಂಶವನ್ನು ಅಲ್ಲಿ ಅಳವಡಿಸಲು ಹೋದರು, ಅದು ಕೈಗೂಡಲಿಲ್ಲ. ಬೇಕಾದದ್ದನ್ನು ತಾವೇ ಬರೆಯತೊಡಗಿದರು. ಅದೇ ಮುಂದೆ ‘ಇಆರ್‌ಪಿನೆಕ್ಸ್ಟ್’ ಆಯಿತು. ಕೋಡನ್ನು ಜಿಪಿಎಲ್ ಲೈಸೆನ್ಸಿನಡಿ ಎಲ್ಲರಿಗೂ ತೆರೆದಿಟ್ಟರು. ಅದನ್ನು ಬೆಳೆಸುವ ಕಂಪನಿ ಫ್ರಾಪೇ. ಬಳಕೆದಾರರ ಸಮುದಾಯಕ್ಕಾಗಿ ಇಆರ್‌ಪಿನೆಕ್ಸ್ಟ್ ಫೌಂಡೇಶನ್ ಎಂಬ ಪ್ರತ್ಯೇಕ ಸಂಸ್ಥೆಯೂ ಇತ್ತು. ಇದೇ 2020ರಲ್ಲಿ ಹೆಸರು ಬದಲಿಸಿಕೊಂಡು, ಒಂದೇ ತಂತ್ರಾಂಶದ ಹಂಗು ದಾಟಿ, ಫಾಸ್ ಯುನೈಟೆಡ್ ಆಗಿದ್ದು. ಆ ಹೊತ್ತಿಗೆ ಜೊತೆಗೂಡಿದವರು ಬೆಂಗಳೂರಿನ ಜೆರೋಧಾ ಸಂಸ್ಥೆಯ ತಂತ್ರಜ್ಞಾನ ಮುಖ್ಯಸ್ಥ ಕೈಲಾಶ್ ನಾಧ್. ಷೇರು ವಹಿವಾಟಿನ ಅವರ ವ್ಯವಸ್ಥೆ ಬಹುಮಟ್ಟಿಗೆ ಲಿನಕ್ಸ್, ಪೋಸ್ಟ್‌ಗ್ರೆಸ್‌ನಂಥ ಮುಕ್ತ ತಂತ್ರಾಂಶಗಳ ಮೇಲೆಯೇ ನಿಂತಿದೆ. ಅಷ್ಟು ಪಡೆದವರು ತಿರುಗಿ ಕೊಡಬೇಕೆಂದು ಹೊರಟಿದ್ದು ಸಹಜ ನ್ಯಾಯ. ಆದರೂ ಪಡೆದ ಕಂಪನಿಗಳಲ್ಲಿ ಹಾಗೆ ಹೊರಟವು ಕೆಲವೇ ಎಂಬುದು ನನಗೆ ನೋವಿನ ಸಂಗತಿ.

ಕನ್ನಡಿಗರಾಗಿ ನಾವು ನಾಧ್ ಅವರನ್ನು ನೆನೆಯಲು ಇನ್ನೂ ದೊಡ್ಡ ಕಾರಣವಿದೆ: ‘ಅಲರ್’. ವಿ. ಕೃಷ್ಣ ಎಂಬವರು ದಶಕಗಳ ಕಾಲ ಒಬ್ಬರೇ ಕೂತು ಕನ್ನಡ–ಇಂಗ್ಲಿಷ್ ನಿಘಂಟೊಂದನ್ನು ಕಟ್ಟಿದ್ದರು. ಒಂದೂವರೆ ಲಕ್ಷದಷ್ಟು ಪದಗಳು! 2019ರಲ್ಲಿ ನಾಧ್ ಅದನ್ನು ಅಂತರ್ಜಾಲಕ್ಕೆ ತಂದರು, ಮುಕ್ತ ದತ್ತಾಂಶದ ಲೈಸೆನ್ಸಿನೊಂದಿಗೆ. ಇಂದು ಯಾರು ಬೇಕಾದರೂ ಆ ನಿಘಂಟನ್ನು ಇಡಿಯಾಗಿ ಇಳಿಸಿಕೊಂಡು ತಮ್ಮ ಆ್ಯಪ್‌ನಲ್ಲಿ ಬಳಸಬಹುದು. ಒಬ್ಬ ವ್ಯಕ್ತಿಯ ಜೀವಮಾನದ ದುಡಿಮೆ ಕಪಾಟಿನಲ್ಲಿ ಉಳಿಯದೆ ನಾಡಿನದಾಯಿತು. ಮುಕ್ತ ಲೈಸೆನ್ಸ್ ಎಂದರೇನು ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಇದನ್ನೇ.

ನಿಮ್ಮ ಪುಣೆಗೂ ಈ ಕಥೆಯಲ್ಲಿ ಪಾಲಿದೆ. 2004ರಲ್ಲಿ ರೆಡ್ ಹ್ಯಾಟ್ ಸಂಸ್ಥೆ ಭಾರತೀಯ ಭಾಷೆಗಳಿಗಾಗಿ ‘ಲೋಹಿತ್’ ಎಂಬ ಮುಕ್ತ ಫಾಂಟ್‌ಗಳನ್ನು ಹೊರತಂದಿತು. ಮುಂದೆ ಅವನ್ನು ಜತನ ಮಾಡಿದವರು ಆ ಸಂಸ್ಥೆಯ ಪುಣೆ ಕಚೇರಿಯ ಎಂಜಿನಿಯರ್‌ಗಳು. ಕನ್ನಡದ ಲೋಹಿತ್ ಕೂಡ ಆ ಸಾಲಿನಲ್ಲಿದೆ. ಸಿಂಬಯಾಸಿಸ್‌ನ ಕಂಪ್ಯೂಟರ್ ಅಧ್ಯಯನ ಸಂಸ್ಥೆಯಲ್ಲಿ ಹಲವು ವರ್ಷ ನಡೆದ ‘ಗ್ನೂನಿಫೈ’ ಸಮಾವೇಶಗಳಲ್ಲಿ ಎಷ್ಟೋ ವಿದ್ಯಾರ್ಥಿಗಳು ಮೊದಲ ಬಾರಿಗೆ ಮುಕ್ತ ತಂತ್ರಾಂಶ ಬರೆಯುವವರನ್ನು ಮುಖತಃ ಕಂಡರು.

ಗೆಳೆಯರು ಹೇಳಿದ ಕೂಟಕ್ಕೆ ನೀವೂ ಹೋಗಿ. ಕೋಡ್ ಬರೆಯಲೇಬೇಕೆಂದಿಲ್ಲ. ನೀವು ದಿನವೂ ಬಳಸುವ ಯಾವುದಾದರೂ ಮುಕ್ತ ತಂತ್ರಾಂಶದ ಮೆನುಗಳನ್ನು ಕನ್ನಡಕ್ಕೆ ತರುವುದರಿಂದಲೇ ಶುರು ಮಾಡಬಹುದು.