ಅಭಯದಾನ ಮತ್ತು ಪಂಜರದ ಪಕ್ಷಿ

ದಶಲಕ್ಷಣ ಪರ್ವದ ಉತ್ತಮ ತ್ಯಾಗಧರ್ಮದ ದಿನ ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ಚತುರ್ವಿಧ ದಾನಗಳ ವಿವೇಚನೆ ನಡೆಯುವುದು ವಾಡಿಕೆ. ಮೊದಲ ಮೂರರ ವಿಧಿ ಗೃಹಸ್ಥರಿಗೆ ಸುಪರಿಚಿತವಾದುದು. ಅಭಯದಾನವೆಂದೊಡನೆ ಮಾತ್ರ ಅನೇಕರ ಕಣ್ಮುಂದೆ ನಿಲ್ಲುವುದು ಪೇಟೆಯಿಂದ ಕೊಂಡು ತಂದ ಗಿಳಿಯನ್ನೋ ರಾಟವಾಳಗಳನ್ನೋ ಹಾರಿಬಿಡುವ ದೃಶ್ಯ. ಉಪವಾಸದ ಪಾರಣೆಗೆ ಮುನ್ನ ಹೀಗೆ ಮಾಡುವವರೂ ಉಂಟು. ಭಾವವೇನೋ ಪ್ರಶಸ್ತವೇ, ಆದರೆ ಹಾರಿದ ಹಕ್ಕಿ ಸಂಜೆಗೆ ಎಲ್ಲಿತ್ತೆಂದು ವಿಚಾರಿಸುವವರು ವಿರಳ.

ಹಕ್ಕಿ ಹಿಡಿಯುವವನು ಗಿರಾಕಿಯನ್ನು ನೋಡಿಯೇ ಬಲೆ ಬೀಸುತ್ತಾನೆ. ಕೊಳ್ಳುವವನು ತಿನ್ನುವವನೋ ಸಾಕುವವನೋ ಬಿಡಿಸುವವನೋ ಎಂಬುದು ಅವನಿಗೆ ಅಪ್ರಸ್ತುತ. ಬಲೆಯಲ್ಲಿಯೂ ಇಕ್ಕಟ್ಟಾದ ಬುಟ್ಟಿಯಲ್ಲಿಯೂ ಸತ್ತವು ದಾನಿಯ ಕಣ್ಣಿಗೆ ಬೀಳವು. ಉಳಿದೊಂದಕ್ಕೆ ಅವನು ತೆತ್ತ ಹಣವೇ ಮುಂದಿನ ಬಲೆಗೆ ಬಂಡವಾಳ. ಕೃತ-ಕಾರಿತ-ಅನುಮೋದನೆಗಳ ಲೆಕ್ಕದಲ್ಲಿ ಇದು ಎಲ್ಲಿ ಸೇರುತ್ತದೆಂಬುದನ್ನು ವ್ರತಿಕನೇ ಯೋಚಿಸಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ನಮ್ಮ ನಾಡಿನ ಗಿಳಿ, ರಾಟವಾಳಗಳನ್ನು ಹಿಡಿಯುವುದೂ ಮಾರುವುದೂ ಅಪರಾಧವಾಗಿರುವುದರಿಂದ, ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದ ತದಾಹೃತಾದಾನ, ಎಂದರೆ ಕದ್ದು ತಂದುದನ್ನು ಕೊಳ್ಳುವ ದೋಷವೂ ಇಲ್ಲಿ ವಿಚಾರಣೀಯ. ನೇಮಿನಾಥ ಸ್ವಾಮಿಯ ಚರಿತೆ ಎಲ್ಲರಿಗೂ ತಿಳಿದುದೇ. ಕೂಡಿಹಾಕಿದ ಪಶುಗಳ ಆಕ್ರಂದನಕ್ಕೆ ಕಾರಣ ತನ್ನ ವಿವಾಹವೆಂದು ಅರಿತ ಆತನು ಆ ವಿವಾಹವನ್ನೇ ತೊರೆದು ಗಿರಿನಾರಕ್ಕೆ ನಡೆದನು. ಪಶುಗಳಿಗೆ ಬೆಲೆ ಕಟ್ಟಲಿಲ್ಲ.

ಇನ್ನು ಅಹಿಂಸಾಣುವ್ರತದ ಅತಿಚಾರಗಳು ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧವೆಂದು ಐದು. ಪಂಜರವು ಬಂಧವೆಂಬುದರಲ್ಲಿ ಸಂಶಯವಿಲ್ಲ. ಆದರೆ ಬಹುಕಾಲ ಸೆರೆಯಲ್ಲಿದ್ದ ಗಿಳಿಯ ರೆಕ್ಕೆಯ ಸ್ನಾಯುಗಳು ಕುಗ್ಗಿರುತ್ತವೆ. ಕತ್ತರಿಸಿದ ಗರಿ ತಾನಾಗಿ ಉದುರಿ ಹೊಸದು ಮೂಡುವವರೆಗೆ ಬೆಳೆಯದು. ಇದು ಸಾಮಾನ್ಯವಾಗಿ ವರ್ಷಕ್ಕೊಮ್ಮೆ ನಡೆಯುವ ಕ್ರಿಯೆ. ಯಾವ ಮರದಲ್ಲಿ ಹಣ್ಣು, ಎಲ್ಲಿ ನೀರು, ಗಿಡುಗ ಬಂದಾಗ ಎತ್ತ ಅಡಗಬೇಕು ಎಂಬುದನ್ನು ಮರಿಯು ಗುಂಪಿನಲ್ಲಿದ್ದು ಕಲಿಯುತ್ತದೆ; ಬಟ್ಟಲಿನ ಕಾಳು ತಿಂದು ಬೆಳೆದುದಕ್ಕೆ ಆ ವಿದ್ಯೆ ಇಲ್ಲ. ಅದನ್ನು ಬಯಲಿಗೆ ಬಿಟ್ಟವನು ಬಂಧದೋಷವನ್ನು ಕಳೆದುಕೊಳ್ಳಲು ಹೋಗಿ ಅನ್ನಪಾನನಿರೋಧದಲ್ಲಿ ಬೀಳುತ್ತಾನೆ. ಅರಿಯದೆ ಮಾಡಿದೆನೆಂಬುದು ಪೂರ್ಣ ಸಮಾಧಾನವಲ್ಲ; ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣದಲ್ಲಿ ಪ್ರಮಾದವನ್ನೇ ಮುಂದಿಟ್ಟಿದೆ.

ಬಿಟ್ಟ ಜೀವಿಯೊಂದರದೇ ಕಷ್ಟವೂ ಅಲ್ಲ. ಇಕ್ಕಟ್ಟಿನ ಪಂಜರದಲ್ಲಿ ಹತ್ತಿದ ರೋಗವು ಕಾಡಿನ ಗುಂಪಿಗೆ ಹರಡಬಹುದು. ಜನರು ಲವ್ ಬರ್ಡ್ಸ್ ಎಂದು ಕರೆಯುವ ಬಣ್ಣದ ಪುಟ್ಟ ಗಿಳಿಗಳಲ್ಲಿ ಹೆಚ್ಚಿನವು ಆಸ್ಟ್ರೇಲಿಯಾ ಮೂಲದವು, ಸಾಕಣೆಯಲ್ಲೇ ಹುಟ್ಟಿದವು. ಅವಕ್ಕೆ ಇಲ್ಲಿನ ಆಕಾಶವು ಅಭಯವಲ್ಲ. ಗಾಜಿನ ತೊಟ್ಟಿಗಳಲ್ಲಿ ಮಾರುವ ಕೆಂಪು ಕಿವಿಪಟ್ಟೆಯ ಆಮೆ ಉತ್ತರ ಅಮೆರಿಕದ್ದು. ಕೆರೆಗೆ ಬಿಟ್ಟರೆ ದೇಶೀಯ ಆಮೆಗಳ ಆಹಾರವನ್ನೂ ಬಿಸಿಲು ಕಾಯುವ ತಾಣವನ್ನೂ ಆಕ್ರಮಿಸುತ್ತದೆ. ನಕ್ಷತ್ರ ಆಮೆಯಂತೂ ಒಣ ಕುರುಚಲು ನೆಲದ ಜೀವಿ. ಆಮೆಯೆಂದ ಮಾತ್ರಕ್ಕೆ ಅದನ್ನು ಕಲ್ಯಾಣಿಗೆ ಬಿಡುವವರು ಅದನ್ನು ಮುಳುಗಿಸಿದಂತೆಯೇ ಸರಿ.

ಹಾಗಾದರೆ ಮನೆಯಲ್ಲಿ ಈಗಾಗಲೇ ಇರುವ ಗಿಳಿಯ ಗತಿಯೇನು? ಬಾಗಿಲು ತೆರೆದು ಕೈತೊಳೆದುಕೊಳ್ಳುವುದು ಸಲ್ಲದು. ಅದನ್ನು ಅರಣ್ಯ ಇಲಾಖೆಗೆ ಒಪ್ಪಿಸಬೇಕು. ಬಿಡುಗಡೆಗೆ ಮುನ್ನ ರೋಗಪರೀಕ್ಷೆ, ವಿಶಾಲ ಗೂಡಿನಲ್ಲಿ ಹಾರಾಟದ ಅಭ್ಯಾಸ, ಅದೇ ಜಾತಿಯ ಹಕ್ಕಿಗಳಿರುವ ತಾಣದ ಆಯ್ಕೆ ಇವೆಲ್ಲ ಆಗಬೇಕು. ಹಾರಲಾರದುದಕ್ಕೆ ಜೀವಿತಾವಧಿಯ ಆಶ್ರಯವೇ ಅಭಯ. ದೆಹಲಿಯ ದಿಗಂಬರ ಜೈನ ಲಾಲ್ ಮಂದಿರಕ್ಕೆ ಸೇರಿದ, 1929ರಲ್ಲಿ ಆರಂಭವಾದ ಧರ್ಮಾರ್ಥ ಪಕ್ಷಿ ಚಿಕಿತ್ಸಾಲಯದಲ್ಲಿ ಗಾಯಗೊಂಡ ಹಕ್ಕಿಗಳನ್ನು ಗುಣವಾಗುವವರೆಗೆ ಇರಿಸಿಕೊಂಡು ಬಳಿಕ ಹಾರಿಬಿಡುತ್ತಾರೆ, ತಂದವರ ಪಂಜರಕ್ಕೆ ಮರಳಿಸುವುದಿಲ್ಲ. ಪರ್ವದಲ್ಲಿ ಹಕ್ಕಿಗೆಂದು ತೆಗೆದಿಟ್ಟ ಹಣವನ್ನು ಇಂತಹ ಆಲಯಗಳ ಕಾಳು, ಔಷಧಗಳಿಗೆ ಕಳುಹಿಸಿದರೆ ಆಹಾರದಾನ, ಔಷಧದಾನಗಳೂ ಅದರಲ್ಲಿಯೇ ಸೇರುತ್ತವೆ.